ಹೇಳಿಕೊಡಬೇಡಿ, ಅಕ್ಷಿತ್ ಸರ್

ಬೆಳಿಗ್ಗೆ ಲ್ಯಾಬಿಗೆ ಬಂದು ಕಂಪ್ಯೂಟರ್ ಆನ್ ಮಾಡಿದರೆ ನನ್ನ ಪ್ರೋಗ್ರಾಂ ಸರಿಯಾಗಿ ಓಡಿತು. ನನಗೆ ಮೈಯೆಲ್ಲ ಉರಿಯಿತು.

ಓಡಬಾರದಿತ್ತು! ನಿನ್ನೆ ಸಂಜೆ ನಾನು ಹೊರಟಾಗ ಅದು ಕೆಟ್ಟು ಕುಳಿತಿತ್ತು. ಹಾಗಾದರೆ ಯಾರು ಕೈಯಿಟ್ಟರು?

"ಹೇಗುಂಟು ಮೇಡಂ?"

ಬಾಗಿಲಲ್ಲಿ ಅಕ್ಷಿತ್ ಸರ್. ಕಾಪುವಿನವರು, ನಮ್ಮ ಕಾರ್ಕಳದ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಹುಟ್ಟುಹಬ್ಬಕ್ಕೆ ಕೇಕ್ ತಂದವರ ಹಾಗೆ ನಗುತ್ತಿದ್ದರು. "ನಿನ್ನೆ ನೀವು ಹೋದ ಮೇಲೆ ನಾನೇ ಸರಿ ಮಾಡಿದೆ. ನಾಲ್ಕೇ ಸಾಲು."

"ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಲಿಲ್ಲ. ನೀವು ಒದ್ದಾಡುವುದು ನೋಡ್ಲಿಕ್ಕೆ ಆಗಲಿಲ್ಲ."

ಕೇಳಿದಿರಾ? ನೋಡಲಿಕ್ಕೆ ಆಗಲಿಲ್ಲವಂತೆ! ಆಗದಿದ್ದರೆ ಕಣ್ಣು ಮುಚ್ಚಿಕೊಳ್ಳಬೇಕಿತ್ತು.

ನಾನು ಭವ್ಯಶ್ರೀ, ಕಂಪ್ಯೂಟರ್ ಪಾಠ ಮಾಡುವವಳು. ಎಂಟೇ ಎಂಟು ಚಿಹ್ನೆಗಳ ಪುಟ್ಟದೊಂದು ಪ್ರೋಗ್ರಾಮಿಂಗ್ ಭಾಷೆ ಇದೆ. ಅದರ ಚಿಹ್ನೆಗಳನ್ನು ಒಂದೊಂದಾಗಿ ಓದಿ, ಅವು ಹೇಳಿದ ಕೆಲಸ ಮಾಡಿಸುವ ಇಂಟರ್‌ಪ್ರಿಟರನ್ನು ನಾನೇ ಬರೆಯುತ್ತೇನೆ, ನೆಟ್ಟಿನಲ್ಲಿ ನೋಡುವುದಿಲ್ಲ, ಯಾರನ್ನೂ ಕೇಳುವುದಿಲ್ಲ ಎಂದು ಸೆಕೆಂಡ್ ಪಿಯುಸಿ ಮಕ್ಕಳಿಗೆ ಮಾತು ಕೊಟ್ಟಿದ್ದೆ. ಎಲ್ಲದಕ್ಕೂ ಫೋನಿನಲ್ಲಿ ಉತ್ತರ ಹುಡುಕುವ ಮಕ್ಕಳು ನಕ್ಕಿದ್ದರು. "ನಿಮ್ಮಿಂದ ಆಗ್ತದಾ ಮೇಡಂ?" ಎಂದು ಒಬ್ಬಳು ಕೇಳಿಯೇಬಿಟ್ಟಿದ್ದಳು. ನಾಳೆ ಶನಿವಾರ ತೋರಿಸಬೇಕಿತ್ತು. ಬೇರೆಯವರು ಬರೆದದ್ದನ್ನು ವಿವರಿಸುತ್ತಲೇ ವರ್ಷಗಳು ಕಳೆದಿದ್ದವು. ನನ್ನದೆನ್ನುವ ಒಂದನ್ನಾದರೂ ನಾನು ಮಾಡಬಲ್ಲೆನೇ ಎಂಬ ಸಂಶಯ ನನಗೂ ಇತ್ತು.

ಆರು ಚಿಹ್ನೆಗಳು ಹೇಳಿದ ಮಾತು ಕೇಳುತ್ತಿದ್ದವು. ತಕರಾರು ಉಳಿದೆರಡರದ್ದು, ಬ್ರ್ಯಾಕೆಟ್ಟುಗಳದ್ದು. ಎರಡು ಬ್ರ್ಯಾಕೆಟ್ಟುಗಳ ನಡುವೆ ಇದ್ದದ್ದನ್ನು ಮತ್ತೆ ಮತ್ತೆ ಮಾಡಬೇಕು. ಆದರೆ ಒಂದು ಜೋಡಿಯೊಳಗೆ ಇನ್ನೊಂದು ಜೋಡಿ ಬಂದರೆ, ಹೊರಗಿನದು ತನ್ನ ಜೋಡಿಯನ್ನು ಬಿಟ್ಟು ಒಳಗಿನದರ ಜೋಡಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ವಾರವಿಡೀ ಅದರೊಂದಿಗೆ ಗುದ್ದಾಡಿದ್ದೆ.

"ಸಹಾಯ ಆಗಲಿ ಅಂತ..." ಎಂದರು ಅಕ್ಷಿತ್ ಸರ್.

"ಸಹಾಯವಾ ಇದು? ನನ್ನ ತಟ್ಟೆಯ ಊಟ ನೀವು ಉಂಡು, ಹೊಟ್ಟೆ ತುಂಬಿತಾ ಅಂತ ನನ್ನನ್ನು ಕೇಳ್ತೀರಲ್ಲ!"

ಅವರ ನಾಲ್ಕು ಸಾಲುಗಳನ್ನು ಓದದೆಯೇ, ಅವರ ಕಣ್ಣೆದುರೇ ಅಳಿಸಿದೆ. "ಅಯ್ಯೋ" ಎಂದರು.

"ಎಂತ ಅಯ್ಯೋ? ಹೋಗಿ ನಿಮ್ಮ ಲೋಲಕ ತೂಗಿಸಿ."

ಹೋದರು. ಮಧ್ಯಾಹ್ನ ಟಿಫಿನ್ ಹಿಡಿದು ಮತ್ತೆ ಬಂದರು. "ಇಲ್ಲಿ ಕೂರಬಹುದಾ? ಬಾಯಿ ಬಿಡುವುದಿಲ್ಲ."

"ಯಾಕೆ ಬಂದದ್ದು?"

"ನೋಡ್ಲಿಕ್ಕೆ ಕಲೀಬೇಕಲ್ಲ."

ಕುರ್ಚಿ ತೋರಿಸಿದೆ. ಸ್ಕ್ರೀನ್ ನೋಡಬಾರದು ಎಂದು ಕಟ್ಟಪ್ಪಣೆ ಮಾಡಿದೆ. ಅದೇ ತಪ್ಪಾಯಿತು. ಸ್ಕ್ರೀನ್ ಬಿಟ್ಟು ನನ್ನ ಮುಖ ನೋಡತೊಡಗಿದರು. ನಾನು ತಿರುಗಿದರೆ ಅನ್ನ ಕಲಸುವ ನಾಟಕ. ನನ್ನ ಕಿವಿ ಬಿಸಿಯಾಯಿತು. ಸಿಟ್ಟಿಗೆ ಎಂದುಕೊಂಡೆ.

ನಾನೂ ಊಟ ಮುಗಿಸಿ ನನ್ನ ಡಬ್ಬಿ ಮುಚ್ಚಲು ಹೋದರೆ ಮುಚ್ಚಳ ಕೂರಲಿಲ್ಲ. ಒಳಗಿದ್ದ ಉಪ್ಪಿನಕಾಯಿಯ ಸಣ್ಣ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಅದನ್ನು ಮೊದಲು ಮುಚ್ಚಿದೆ, ಆಮೇಲೆ ದೊಡ್ಡದನ್ನು. ಕೈ ಅಲ್ಲೇ ನಿಂತಿತು. ಅಕ್ಷಿತ್ ಸರ್ ತುಟಿ ಬಿಗಿಹಿಡಿದು ಥಟ್ಟನೆ ಮೇಲೆ ನೋಡಿದರು.

"ಮೇಲೆ ಎಂತ ಉಂಟು ಸರ್?"

"ಫ್ಯಾನ್."

ಒಳಗೆ ಎಷ್ಟು ಬ್ರ್ಯಾಕೆಟ್ಟು ತೆರೆದಿವೆ, ಎಷ್ಟು ಮುಚ್ಚಿವೆ ಎಂದು ಎಣಿಸಿಕೊಳ್ಳುತ್ತಾ ಹೋಗಬೇಕು! ಲೆಕ್ಕ ಸೊನ್ನೆಯಾದಲ್ಲೇ ಹೊರಗಿನದರ ಜೋಡಿ. ಕೈ ತೊಳೆಯದೆ ಎಡಗೈಯಲ್ಲೇ ಟೈಪ್ ಮಾಡಿದೆ. ಓಡಿತು. ನನ್ನದು, ನಾನೇ ಮಾಡಿದ್ದು, ಓಡಿತು! ಕಣ್ಣಲ್ಲಿ ನೀರು ಬಂತು.

"ಈಗ ನೋಡಬಹುದಾ?" ಬಗ್ಗಿ ನೋಡಿದರು. "ನನ್ನದಕ್ಕಿಂತ ಚೆಂದ ಉಂಟು."

"ಸುಳ್ಳು ಹೇಳಬೇಡಿ. ಒಂಬತ್ತು ಸಾಲು ಆಗಿದೆ."

"ಹೌದು, ಸುಳ್ಳು. ಆದರೆ ನಿಮ್ಮದು ಅಲ್ವಾ?"

ಮೊದಲ ಸಲ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ.

ಶನಿವಾರ ಮಕ್ಕಳ ಎದುರು ಓಡಿಸಿ ತೋರಿಸಿದೆ. "ಯಾರೂ ಹೇಳಿಕೊಡಲಿಲ್ವಾ ಮೇಡಂ?" ಎಂದಳು ಅದೇ ಹುಡುಗಿ.

"ಒಬ್ಬರು ಹೇಳಿಕೊಡಲಿಕ್ಕೆ ಬಂದಿದ್ದರು. ಅಳಿಸಿಹಾಕಿದೆ." ಕ್ಲಾಸು ಗೊಳ್ಳೆಂದು ನಕ್ಕಿತು. ಕಾರಿಡಾರಿನಲ್ಲಿ ಹೋಗುತ್ತಿದ್ದ ಅಕ್ಷಿತ್ ಸರ್ ಕೆಂಪಾದರು.

ಕಾಪುವಿಗೆ ಹೋಗಲು ಅವರು ಪಡುಬಿದ್ರಿ ಬಸ್ಸು ಹಿಡಿಯಬೇಕು. ಆ ದಿನ ಮಾತ್ರ ನಾನು ಉಡುಪಿ ಬಸ್ಸಿಗೆ ಕಾಯುವಲ್ಲಿ ಬಂದು ನಿಂತರು.

"ಮೇಡಂ, ನಾನು... ನಿಮ್ಮ ಹತ್ರ... ಅಂದ್ರೆ..."

ಮುಂದಕ್ಕೆ ಹೋಗಲೇ ಇಲ್ಲ. ಬೆವರು ಒರೆಸಿಕೊಂಡರು. "ಎಂತ ಹೇಳ್ಲಿಕ್ಕೆ ಹೊರಟಿದ್ದೇನೆ ಅಂತ ನಿಮಗೆ ಗೊತ್ತುಂಟಲ್ಲ. ಸ್ವಲ್ಪ ಸಹಾಯ ಮಾಡಿ ಮಾರಾಯ್ರೆ."

"ಗೊತ್ತುಂಟು. ಹೇಳಿಕೊಡುವುದಿಲ್ಲ."

ಬೆಂಚಿನ ಮೇಲೆ ಕುಳಿತು, ಪಕ್ಕದ ಜಾಗದಿಂದ ಬ್ಯಾಗ್ ತೆಗೆದೆ. ಕುಳಿತರು. ಒಂದು ಬಸ್ಸು ಹೋಯಿತು. ಅವರು ಬಾಯಿ ತೆರೆದರು, ಮುಚ್ಚಿದರು. ಇನ್ನೊಂದು ಬಸ್ಸೂ ಹೋಯಿತು. ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟಪಟ್ಟವರು ಒದ್ದಾಡುವುದನ್ನು ಸುಮ್ಮನೆ ಕುಳಿತು ನೋಡುವುದು ಎಂಥ ಕಷ್ಟ! ಅವರು ನಿನ್ನೆ ಫ್ಯಾನ್ ನೋಡಿದ ಹಾಗೆ ನಾನು ಬಸ್ ನಿಲ್ದಾಣದ ಚಾವಣಿ ನೋಡಿದೆ.

"ಭವ್ಯಾ," ಎಂದರು ಕೊನೆಗೆ, ಮೇಡಂ ಬಿಟ್ಟು. "ನನಗೆ ನೀವು ಅಂದ್ರೆ ಇಷ್ಟ. ತುಂಬಾ."

"ಯಾರಾದರೂ ಹೇಳಿಕೊಟ್ಟರಾ?"

"ಇಲ್ಲ. ನಾನೇ."

"ಹಾಗಾದರೆ ಸರಿ," ಎಂದು ಅವರ ಕೈ ಹಿಡಿದೆ.