ತುಳಸಿಯ ತಲೆಯೊಳಗಿನ ಬಿಳಿ ಚುಕ್ಕೆಗಳು

"ಥಾಂಬಾ! ಒಳಗ ಕಾಲಿಡಬ್ಯಾಡ್ರಿ!"

ಎಂಆರ್‌ಐ ಕೋಣೆಯ ಬಾಗಿಲಿಗೆ ಅಡ್ಡ ನಿಂತು ತುಳಸಿ ಕೂಗಿದ ರಭಸಕ್ಕೆ ಹೊಸ ಡಾಕ್ಟರು ನಿಂತಲ್ಲೇ ನಿಂತ. ಅವನ ಜೇಬಿನಲ್ಲಿ ಕೀಲಿ ಗೊಂಚಲು! ಒಳಗಿನ ಅಯಸ್ಕಾಂತಕ್ಕೆ ಡಾಕ್ಟರು, ಕಾಂಪೌಂಡರು ಅಂತ ಭೇದವಿಲ್ಲ. ಕಬ್ಬಿಣ ಕಂಡರೆ ಸೆಳೆಯುತ್ತದೆ, ಅಷ್ಟೇ.

"ಅಬ್ಬಾ, ಏನ್ ಬಾಯಿ ಅದ ಈ ಹುಡುಗಿಗಿ..." ಅವನು ಗೊಣಗಿದ.

"ಬಾಯಿ ಐತಿ, ಅದಕ್ಕ ನಿಮ್ಮ ಜೀವ ಉಳೀತು. ಕೀಲಿ ಹೊರಗಿಟ್ಟು ಬರ್ರಿ."

ಮಹಾರಾಷ್ಟ್ರದ ಸಂಭಾಜಿನಗರದ ಆ ಸಂಶೋಧನಾ ಕೇಂದ್ರಕ್ಕೆ ಕಲಬುರಗಿಯಿಂದ ಬಂದಿದ್ದ ಡಾ. ಪ್ರಣವ್‌ಗೆ ಪ್ರೀತಿ ಶುರುವಾದದ್ದು ಹೀಗೆ, ಬೈಸಿಕೊಂಡು! ತುಳಸಿ ಅಲ್ಲಿ ಯಂತ್ರ ನಡೆಸುವ ಟೆಕ್ನಿಶಿಯನ್. ಬಾಗಲಕೋಟೆ ಕಡೆಯ ಮನೆತನ, ಬೆಳೆದದ್ದು ನಾಸಿಕ್ ಹತ್ತಿರದ ಓಝರ್‌ನಲ್ಲಿ. ಅಪ್ಪ ವಿಮಾನ ಕಾರ್ಖಾನೆಯಲ್ಲಿದ್ದರು, ಈಗಿಲ್ಲ.

ಪ್ರಣವ್‌ನ ಅಧ್ಯಯನ ಮಲ್ಟಿಪಲ್ ಸ್ಕ್ಲೆರೋಸಿಸ್ ಮೇಲೆ. ದೇಹದ ಕಾವಲುಪಡೆಯೇ ದಾರಿ ತಪ್ಪಿ, ನರಗಳ ಮೇಲಿನ ಹೊದಿಕೆಯನ್ನು ಕೆಡಿಸುವ ರೋಗ ಅದು. ಚಿತ್ರದಲ್ಲಿ ಮಿದುಳಿನೊಳಗೆ ಬಿಳಿ ಚುಕ್ಕೆಗಳಾಗಿ ಕಾಣುತ್ತದೆ. ಚುಕ್ಕೆಯ ನಡುವೆ ಸಣ್ಣ ರಕ್ತನಾಳದ ಕಪ್ಪು ಎಳೆ ಕಂಡರೆ, ಅದು ಇದೇ ರೋಗ ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಆ ಎಳೆಯನ್ನು ಹಿಡಿಯಲು ಅವನೊಂದು ಹೊಸ ವಿಧಾನ ತಂದಿದ್ದ.

ಒಂದು ಭಾನುವಾರ ವೇರೂಳ್‌ನ, ಅಂದರೆ ಎಲ್ಲೋರಾದ, ಗುಹೆಯ ನೆರಳಲ್ಲಿ ಕೂತು ಕೇಳಿದ, "ನಿಮ್ಮ ಮನಿಗಿ ಯಾವಾಗ ಬರ್ಲಿ?"

"ದೀಪಾವಳಿ ಆಗ್ಲಿ," ಅಂದಳು ತುಳಸಿ. ಆ ಜೋರು ಬಾಯಿಗೆ ಅಷ್ಟು ಮೆತ್ತಗಿನ ದನಿ ಎಲ್ಲಿಂದ ಬಂತೋ!

ಹೊಸ ವಿಧಾನ ಬಂದಾಗ ರೋಗಿಗಳಿಗಿಂತ ಮೊದಲು ಸಿಬ್ಬಂದಿಯಲ್ಲಿ ಒಬ್ಬರು ಮಲಗಿ ಪರೀಕ್ಷೆ ಮಾಡಿಸಿಕೊಳ್ಳುವುದು ಅಲ್ಲಿನ ರೂಢಿ. ಪ್ರಣವ್ ಪುಣೆಗೆ ಹೋಗಿದ್ದ ವಾರ ತುಳಸಿಯೇ ಮಲಗಿದಳು. ಯಂತ್ರ ನಡೆಸಿದ್ದು ಅವಳ ಕೈಕೆಳಗಿನ ಹುಡುಗಿ ಪ್ರಿಯಾ. ಆ ಚಿತ್ರವನ್ನು ಬೇರೆ ಇಡಬೇಕಿತ್ತು. ಪ್ರಿಯಾ ಗಡಿಬಿಡಿಯಲ್ಲಿ ಹೆಸರು ಅಳಿಸಿ, ನಂಬರಿನ ಜೊತೆ 'ಹೆಣ್ಣು' ಅಂತಷ್ಟೇ ಹಾಕಿ, ರೋಗಿಗಳ ಚಿತ್ರಗಳ ಜೊತೆ ಸೇರಿಸಿಬಿಟ್ಟಳು.

ಸೋಮವಾರದ ಮೀಟಿಂಗ್‌ನಲ್ಲಿ ಪರದೆಯ ಮೇಲೆ ಆ ಚಿತ್ರ ಬಂತು.

"ಎಷ್ಟು ಚಂದ ಅದ ನೋಡ್ರಿ!" ಪ್ರಣವ್ ಕುರ್ಚಿಯಿಂದ ಎದ್ದೇಬಿಟ್ಟ. "ಎಲ್ಲಾ ಚುಕ್ಕಿಯೊಳಗೂ ಎಳಿ ಅದ! ನಾ ಹುಡುಕಿದ್ದೇ ಇದು!"

ತುಳಸಿ ಪರದೆಯ ಮೂಲೆಯತ್ತ ನೋಡಿದಳು. ಅಲ್ಲಿದ್ದ ದಿನ, ಗಂಟೆ ರೋಗಿಗಳಿಗಿಂತ ಮೊದಲು ತಾನು ಮಲಗಿದ ಹೊತ್ತಿನದು...

ಅದು ನನ್ನ ತಲೆ. ನನ್ನದೇ.

"ಪಾಪ, ಯಾರೋ ಏನೋ," ಅಂದಳು ಪ್ರಿಯಾ.

ಪ್ರಣವ್ ನಕ್ಕ. "ಈಕಿಗಿ ಮದುವಿ ಆಗಿಲ್ಲಂದ್ರ ಮೊದಲೇ ಹೇಳ್ಬೇಕು. ಇಲ್ಲಂದ್ರ ಯಾವನೋ ಬಡಪಾಯಿ ಸಿಕ್ಕಿಬೀಳ್ತಾನ."

ಎಲ್ಲರೂ ನಕ್ಕರು. ತುಳಸಿಯೂ ನಕ್ಕಳು! ನಗದಿದ್ದರೆ ಗೊತ್ತಾಗಿಬಿಡುತ್ತಿತ್ತಲ್ಲ...

ಕಾಲು ಜುಮುಗುಡುವುದನ್ನು ನಿಂತು ಕೆಲಸ ಮಾಡಿದ್ದಕ್ಕೆ ಅಂದುಕೊಂಡಿದ್ದಳು, ಹುಚ್ಚಿ. ನಾಸಿಕ್‌ನ ಡಾಕ್ಟರು ರೋಗದ ಹೆಸರು ಖಾತ್ರಿ ಮಾಡಿದರು. ಔಷಧ ಇದೆ, ವೇಗ ತಗ್ಗುತ್ತದೆ, ಪೂರ್ತಿ ವಾಸಿಯಾಗುವುದಿಲ್ಲ ಅಂದರು.

ಅವಳು ಕೆಲಸ ಬಿಟ್ಟಳು. ಪ್ರಣವ್‌ಗೆ ಒಂದೇ ಸಾಲು ಕಳಿಸಿದಳು: 'ಮನ್ಯಾಗ ಗಂಡು ನೋಡ್ಯಾರ.'

ಅವನ ಉತ್ತರ ಬಂತು: 'ಟೈಂಪಾಸ್ ಮಾಡಾಕ ನಾನೇ ಸಿಕ್ಕಿದ್ದೇನು? ಇನ್ನ ಮಾರಿ ತೋರಿಸಬ್ಯಾಡ.'

ಅದನ್ನು ಅವಳು ಅಳಿಸಲಿಲ್ಲ. ದಿನಾ ಓದಿ ಅತ್ತಳು.

ಅವ್ವ ದಾನಮ್ಮ ನಿಜವಾಗಿಯೂ ಗಂಡು ಹುಡುಕಿದಳು, ಪಿಂಪಳಗಾಂವ್‌ನ ದ್ರಾಕ್ಷಿ ವ್ಯಾಪಾರಿಯ ಮಗ.

"ಅವ್ವಾ, ಅವರಿಗೆ ಹೇಳೋಣು."

"ಬಾಯಿ ಮುಚ್ಚು! ನಿನ್ನ ತಲಿಯೊಳಗ ಯಾರು ಇಣುಕಿ ನೋಡ್ತಾರ? ತಾಳಿ ಬಿದ್ದ ಮ್ಯಾಲ ಅವರ ಪಾಡು ಅವರದು!"

ಇತ್ತ ಪ್ರಣವ್‌ಗೆ ತನ್ನ ಚಂದದ ಚಿತ್ರದ್ದೇ ಧ್ಯಾನ. ಆ ರೋಗಿಯನ್ನು ಮತ್ತೆ ಕರೆಸು ಎಂದು ಪ್ರಿಯಾಗೆ ಹೇಳಿದ. ಅವಳು ಕಂಪ್ಯೂಟರ್‌ನಲ್ಲಿ ನಂಬರ್ ಹುಡುಕಿದಳು. ಮುಖ ಬಿಳಿಚಿತು.

"ಸರ್... ಇದು ತುಳಸಿ ತಾಯಿದು."

ತಾಯಿ ಅಂದರೆ ಅಕ್ಕ, ಮರಾಠಿಯಲ್ಲಿ. ಪ್ರಣವ್ ಕೂತೇಬಿಟ್ಟ. ತಾನು ಹೇಳಿದ್ದು, ನಕ್ಕದ್ದು, ಅವಳೂ ನಕ್ಕದ್ದು, ಎಲ್ಲ ಒಟ್ಟಿಗೇ ನೆನಪಾಯಿತು. ಸಿಕ್ಕ ಬಸ್ಸು ಹತ್ತಿ ನಾಸಿಕ್ ದಾರಿ ಹಿಡಿದ.

ಓಝರ್‌ನ ಮನೆ ಬಾಗಿಲಿಗೆ ಅವನು ಬಂದಾಗ ಒಳಗೆ ಹೆಣ್ಣು ನೋಡಲು ಬಂದ ಬೀಗರು ಕೂತಿದ್ದರು. ತುಳಸಿ ಚಹಾದ ಟ್ರೇ ಕೆಳಗಿಟ್ಟು ಸ್ಪಷ್ಟವಾಗಿ ಹೇಳುತ್ತಿದ್ದಳು.

"ನನಗ ಮಿದುಳಿನ ರೋಗ ಐತ್ರಿ. ವಾಸಿ ಆಗಂಗಿಲ್ಲ. ನಮ್ಮವ್ವ ಮುಚ್ಚಿಟ್ಟಾಳ."

ಬೀಗರು ಚಹಾ ಮುಟ್ಟಲಿಲ್ಲ. ಹೋಗುವಾಗ ಹುಡುಗನ ತಾಯಿ ತುಳಸಿಯ ಎದುರಿಗೇ, "ದೇವರು ನಮ್ಮ ಮಗನ್ನ ಉಳಿಸಿದ" ಅಂದಳು.

ದಾನಮ್ಮ ಮಗಳ ಕೆನ್ನೆಗೆ ಬಾರಿಸಿದಳು. "ನಿನ್ನ ರೋಗಕ್ಕಿಂತ ನಿನ್ನ ನಾಲಿಗಿ ಕೆಟ್ಟದ್ದು!" ಎಂದು ಅವಳನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಳು.

ಕಟ್ಟೆಯ ಮೇಲೆ ಇಬ್ಬರೇ ಉಳಿದರು.

"ಚುಕ್ಕಿ ದೊಡ್ಡವಾಗ್ಯಾವೋ ಅಂತ ನೋಡಾಕ ಬಂದ್ರ್ಯಾ?" ತುಳಸಿ ಕೇಳಿದಳು.

"ತುಳಸಿ, ಅದು ನಿಂದಂತ ಗೊತ್ತಿದ್ರ..."

"ಬ್ಯಾರೆಯವಳದಾಗಿದ್ರ ನಗಬಹುದಿತ್ತೇನ್ರಿ?"

ಪ್ರಣವ್ ತಲೆ ತಗ್ಗಿಸಿದ.

"ಆ ಚಿತ್ರ ಕಂಡಾಗ ಅರಳಿದಂಗ ನಿಮ್ಮ ಕಣ್ಣು ನನ್ನ ನೋಡಿ ಒಂದಿನಾನೂ ಅರಳಿಲ್ರಿ."

"ಖರೇ ಅದ," ಅಂದ. ಅವನ ಕಣ್ಣಲ್ಲಿ ನೀರು. "ತಪ್ಪಾಯ್ತು."

"ಈಗೇನು, ಕನಿಕರ ಬಂತಾ?"

"ಕನಿಕರ ಬಂದಿದ್ರ ಫೋನಿನಾಗೇ ಮುಗಸ್ತಿದ್ದೆ. ಹೆದರಿಕಿ ಬಂದದ. ಈ ರೋಗ ಏನು ಮಾಡ್ತದಂತ ದಿನಾ ನೋಡ್ತೀನಿ. ನಾಳಿ ನಿನ್ನ ಕಣ್ಣು ಮಂಜಾದ್ರ, ಕಾಲು ಏಳಲಿಲ್ಲಂದ್ರ... ನಾ ಎಲ್ಲಿ ಓಡಿ ಹೋಗ್ತೀನೋ ಅಂತ ನನ್ನ ಮ್ಯಾಲೇ ನನಗ ಹೆದರಿಕಿ. ಆದ್ರೂ ಮದುವಿ ಆಗು ಅಂತ ಕೇಳಾಕ ಬಂದೀನಿ."

ಹೀಗೂ ಯಾರಾದರೂ ಹೆಣ್ಣು ಕೇಳುತ್ತಾರೆಯೇ! ಆದರೆ ಇಷ್ಟು ದಿನಗಳಲ್ಲಿ ತುಳಸಿಯ ಎದುರು ಬಣ್ಣ ಹಚ್ಚದೆ ಮಾತಾಡಿದವನು ಅವನೊಬ್ಬನೇ. ಅವಳ ಸಿಟ್ಟು ಇಳಿದಿರಲಿಲ್ಲ. ಪ್ರೀತಿಯೂ ಹೋಗಿರಲಿಲ್ಲ. ಅವನ ಪಕ್ಕದಲ್ಲಿ, ಸ್ವಲ್ಪ ದೂರ ಬಿಟ್ಟು, ಕೂತಳು.

"ಓಡಿ ಹೋಗೋದಾದ್ರ ಹೇಳಿ ಹೋಗ್ರಿ. ನಾ ಖರೇ ಹೇಳದ ಬಂದೆ... ಭಾಳ ಸುಡತೈತಿ."

ಅವನು ಮೆಲ್ಲಗೆ ಅವಳ ಕೈ ಹಿಡಿದ. "ಹೇಳಿದ್ರ ಹೋಗಾಕ ಬಿಡ್ತೀಯೇನು?"

ತುಳಸಿ ಕೆನ್ನೆ ಒರೆಸಿಕೊಂಡಳು.

"ಬಿಡಂಗಿಲ್ರಿ."