ಹದಿನೇಳನೇ ನೋಟ್‌ಬುಕ್

ಬುಧವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಕಳುವಾದದ್ದು ನೋಟ್‌ಬುಕ್ ಎಂದು ಕೇಳಿ ರೈಟರ್ ಪೆನ್ನು ಕೆಳಗಿಟ್ಟ.

"ಬರೀ ನೋಟ್‌ಬುಕ್ಕೇನಮ್ಮಾ?" ಎಂದರು ಇನ್ಸ್‌ಪೆಕ್ಟರ್.

"ಅಪ್ಪ ಅರ್ಥಶಾಸ್ತ್ರದ ಮೇಷ್ಟ್ರು ಸಾರ್. ವಸ್ತುವಿನ ಮೌಲ್ಯ ಬರೋದು ದುಡಿಮೆಯಿಂದ ಅಂತ ದೊಡ್ಡ ಪುಸ್ತಕ ಬರೆದಿದ್ರು. ಅಮ್ಮ ಹೋದಮೇಲೆ, 'ಇವಳು ಬೇಯಿಸಿದ್ದು, ಮಕ್ಕಳನ್ನ ಸಾಕಿದ್ದು ನನ್ನ ಸಿದ್ಧಾಂತದಲ್ಲಿ ಎಲ್ಲೂ ಇಲ್ಲ, ಪುಸ್ತಕದ ಬುಡವೇ ತಪ್ಪು' ಅಂತ ಹೊಸದಾಗಿ ಬರೆಯೋಕೆ ಕೂತ್ರು. ಅದೇ ಈ ನೋಟ್‌ಬುಕ್, ಅಪ್ಪನ ಸಾಲಿನಲ್ಲಿ ಹದಿನೇಳನೇದು. ಬೇರೆ ಪ್ರತಿ ಇಲ್ಲ. ಎಂಟು ತಿಂಗಳ ಹಿಂದೆ ಲಕ್ವ ಹೊಡೀತು. ಮಾತಿಲ್ಲ, ಬಲಗೈ ಆಡಲ್ಲ. ಇನ್ನೊಂದ್ಸಲ ಬರೆಯೋರಿಲ್ಲ ಸಾರ್." ಆಮೇಲೆ ದನಿ ತಗ್ಗಿಸಿದಳು. "ಸೋಮವಾರದಿಂದ ಅಪ್ಪ ಬಾಗಿಲು ನೋಡ್ತಾ ನಡುಗ್ತಾರೆ."

ಕಾಗದದ ಕಳ್ಳತನಕ್ಕೂ ಎಫ್‌ಐಆರ್ ಬೇಕೇ ಎಂದು ಒಳಗೊಳಗೇ ಗೊಣಗುತ್ತಿದ್ದ ಇನ್ಸ್‌ಪೆಕ್ಟರಿಗೆ ಆ ಕೊನೇ ಮಾತು ಕೇಳಿ ಅನುಮಾನ ಬಂತು. ಎಫ್‌ಐಆರ್ ಆಯಿತು.

ಹನ್ನೊಂದೂವರೆಗೆ ಮನೆಯಲ್ಲಿ ಪಂಚನಾಮೆ. ಬೀಗ ಮುರಿದಿಲ್ಲ, ಕಿಟಕಿ ಭದ್ರ. ನೋಟ್‌ಬುಕ್ಕುಗಳ ಕಪಾಟಿನ ಪಕ್ಕದಲ್ಲೇ ದೊಡ್ಡ ಮೇಷ್ಟ್ರ ಮಂಚ. ಹಳೇ ಶಿಷ್ಯರೊಬ್ಬರು ಚಮಚದಲ್ಲಿ ಹಾಲು ಕುಡಿಸುತ್ತಿದ್ದರು. ಅವರೂ ಈಗ ಕಾಲೇಜು ಮೇಷ್ಟ್ರು. ದಿನಾ ಬೆಳಿಗ್ಗೆ ಬಂದು ಮಧ್ಯಾಹ್ನದ ಪಾಠದ ಹೊತ್ತಿಗೆ ಹೋಗುತ್ತಾರಂತೆ. ಇಂಥ ಶಿಷ್ಯ ಎಷ್ಟು ಜನಕ್ಕೆ ಸಿಗುತ್ತಾನೆ ಎಂದುಕೊಂಡರು ಇನ್ಸ್‌ಪೆಕ್ಟರ್. ದೊಡ್ಡ ಮೇಷ್ಟ್ರು ಮಾತ್ರ ತುಟಿ ಬಿಗಿಹಿಡಿದಿದ್ದರು. ಹಾಲು ಗದ್ದದ ಮೇಲೆ ಇಳಿಯುತ್ತಿತ್ತು.

ಅವರ ಎಡ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಕಪ್ಪು ಗುರುತು.

"ಇದು ಯಾವಾಗಾಯ್ತು?"

"ಸೋಮವಾರ ಸಂಜೆ ನೋಡಿದೆ. ಮಂಚಕ್ಕೆ ತಗುಲಿರಬೇಕು ಅಂದ್ಕೊಂಡೆ," ಎಂದಳು ಮಗಳು.

"ಸಾರ್, ಹದಿನೇಳನೇ ನೋಟ್‌ಬುಕ್ ಇರಬೇಕಾದ ಜಾಗದಲ್ಲಿ ಚೀಟಿ ಇದೆ," ಎಂದ ಕಾನ್‌ಸ್ಟೆಬಲ್. ಚೀಟಿಯ ಮೇಲೆ ಹದಿನೇಳು ಎಂಬ ಅಂಕಿ, ಸೋಮವಾರದ ತಾರೀಕು. ಬೇರೇನಿಲ್ಲ.

"ಅದು ಅಪ್ಪನ ಕಟ್ಟುನಿಟ್ಟು," ಎಂದಳು ಮಗಳು. "ಏನು ತೆಗೆದ್ರೂ ನಂಬರು, ತಾರೀಕು ಬರೆದು ಚೀಟಿ ಇಡಬೇಕು. ಕಪಾಟು ತುಂಬ ಇಂಥವೇ. ನಾನು ಗಮನಿಸ್ಲೇ ಇಲ್ಲ."

"ಇದನ್ನ ನೀವಿಟ್ರಾ?"

"ಇಲ್ಲ."

"ಈ ಪದ್ಧತಿ ಇನ್ಯಾರಿಗೆ ಗೊತ್ತು?"

ಅವಳು ಹಾಲಿನ ಲೋಟ ಹಿಡಿದ ಶಿಷ್ಯರತ್ತ ತಿರುಗಿದಳು. ದಿನಾ ಬೀಗದ ಕೈ ಕೊಟ್ಟು ಅಪ್ಪನನ್ನು ಯಾರ ಕೈಗೊಪ್ಪಿಸಿ ಹೋಗುತ್ತಿದ್ದೆ ಎಂಬುದು ಆಗ ಹೊಳೆಯಿತು. ಇನ್ಸ್‌ಪೆಕ್ಟರ್ ಮಂಚಕ್ಕೂ ಶಿಷ್ಯರಿಗೂ ನಡುವೆ ಹೋಗಿ ನಿಂತರು.

"ಲೋಟ ಕೆಳಗಿಡಿ ಮೇಷ್ಟ್ರೇ. ಎಲ್ಲಿದೆ?"

"ನನ್ನ ಚೀಲದಲ್ಲಿ." ಶಿಷ್ಯರು ತಲೆ ಎತ್ತಲಿಲ್ಲ. "ಅವತ್ತು ಗುರುಗಳು ನನ್ನ ತೋಳು ಹಿಡ್ಕೊಂಡ್ರು ಸಾರ್. ಬಿಡಿಸ್ಕೊಳ್ಳೋಕೆ ಹೋಗಿ... ಚೀಟಿ ಯಾವಾಗ ಇಟ್ಟೆನೋ ನನಗೇ ಗೊತ್ತಿಲ್ಲ. ಮೂವತ್ತು ವರ್ಷದ ಅಭ್ಯಾಸ."

ಹನ್ನೆರಡು ನಲವತ್ತಕ್ಕೆ ದಸ್ತಗಿರಿ. ನೋಟ್‌ಬುಕ್ಕಿನ ಪುಟ ಒಂದೂ ಹರಿದಿರಲಿಲ್ಲ.

ಜೀಪಿನಲ್ಲಿ ಇನ್ಸ್‌ಪೆಕ್ಟರ್ ಕೇಳಿದರು: "ಸುಟ್ಟುಹಾಕಬಹುದಿತ್ತಲ್ಲ?"

"ಗುರುಗಳ ಹಳೇ ಪುಸ್ತಕವನ್ನೇ ಜೀವಮಾನವೆಲ್ಲ ಪಾಠ ಹೇಳ್ದೆ ಸಾರ್. ನನ್ನ ಮೂರು ಪುಸ್ತಕವೂ ಅದರ ಮೇಲೇ ನಿಂತಿವೆ, ಈ ನೋಟ್‌ಬುಕ್ ಅಚ್ಚಾದ್ರೆ ಅವೂ ಸುಳ್ಳಾಗ್ತವೆ. ಇದರಲ್ಲಿ ಒಂದೇ ಒಂದು ತಪ್ಪು ಸಿಕ್ಕಿದ್ರೆ ಸಾಕು, ವಾಪಸ್ ಇಟ್ಟುಬಿಡ್ತಿದ್ದೆ. ಎರಡು ದಿನದಿಂದ ಅದನ್ನೇ ಹುಡುಕ್ತಿದ್ದೆ."

"ಸಿಕ್ತಾ?"

"ಇಲ್ಲ," ಎಂದರು ಶಿಷ್ಯರು. "ಅದಕ್ಕೇ ಹೆದರಿಕೆ ಆಯ್ತು."