ಎಲ್ಲಾ ಕಡೆಯಿಂದಲೂ ಅಳಿಸಲೇ?

ಭಾವ ಅವತ್ತು ನಗದೇ ಇದ್ದಿದ್ರೆ ಇನ್ನೂ ನೂರು ವರ್ಷ ಬದುಕಿರ್ತಿದ್ದನೋ ಏನೋ. ನಕ್ಕ. ಅದೂ ಸುಮ್ಮನೆ ನಗೋದಾ? ಪುಸ್ತಕದ ಕಂಪನಿ ಮೇಡಂ ಊಟಕ್ಕೆ ಅಂತ ಮನೆಗೆ ಬಂದು ಎದುರಿಗೆ ಕೂತಿದ್ದಾಗ, ಮೇಜಿನ ಮೇಲಿನ ತಟ್ಟೆ ಲೋಟ ಎಲ್ಲಾ ಎದ್ದು ಕುಣಿಯೋ ಹಾಗೆ ನಕ್ಕ.

"ಇವನು ಓದ್ತಾನಂತೆ ಮೇಡಂ! ಲೋ ಕತ್ತರಿ, ನಿನ್ನ ದನಿ ಕೇಳಿದ್ರೆ ಫ್ರಿಜ್ಜಲ್ಲಿರೋ ಹಾಲೂ ಒಡೆದುಹೋಗುತ್ತಲ್ಲೋ!"

ಮೇಡಮ್ಮೂ ನಕ್ಕರು. ಅಕ್ಕನೂ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಕ್ಕಳು, ಒಡಹುಟ್ಟಿದವಳು. ಕತ್ತರಿ ತಾನೂ ಹಲ್ಲು ಕಿರಿದ. ಆದರೆ ಬಾಯಲ್ಲಿದ್ದ ತುತ್ತು ಅವನಿಗೆ ಇವತ್ತಿನವರೆಗೂ ಇಳಿದಿಲ್ಲ ಅನ್ನಬೇಕು.

ಭಾವ ಅಂದ್ರೆ ಅಕ್ಕನ ಗಂಡ. ಅವನ ಕೆಲಸ ಪುಸ್ತಕ ಓದೋದು. ಮನಸ್ಸಲ್ಲಿ ಅಲ್ಲ, ಜೋರಾಗಿ, ಮೈಕಿನ ಮುಂದೆ. ಕಣ್ಣು ಕಾಣದವರು, ದಿನಾ ಬಸ್ಸಲ್ಲಿ ಓಡಾಡೋರು, ನಿದ್ದೆ ಬರದವರು ಎಲ್ಲಾ ಕಿವಿಗೆ ಸಿಗಿಸಿಕೊಂಡು ಕೇಳ್ತಿದ್ದರು. ಅದೇನು ದನಿ ಅಂತೀರ! ಔಷಧಿ ಶೀಶೆ ಮೇಲಿನ ಚೀಟಿ ಓದಿದ್ರೂ ಕೇಳಿದವರ ಕಣ್ಣಲ್ಲಿ ನೀರು ಬರಬೇಕು. ಆ ದನೀನ ತೊಳೆದು ಬಳಿದು ಹೊರಗೆ ಕಳಿಸೋ ಕೆಲಸ ಮಾತ್ರ ಭಾವಮೈದುನಂದು. ಕೆಮ್ಮು, ತೇಗು, ತುಟಿ ಚಪ್ಪರಿಸಿದ್ದು, ಹೊಟ್ಟೆ ಗುರ್ ಅಂದಿದ್ದು, ಎಲ್ಲಾ ಹುಡುಕಿ ಹುಡುಕಿ ಕತ್ತರಿಸ್ತಿದ್ದ. ಹಾಗಾಗೇ ಅವನಿಗೆ ಕತ್ತರಿ ಅಂತ ಹೆಸರು ಬಿದ್ದಿದ್ದು. ಅವನು ಕತ್ತರಿಸಿ ಎಸೆದ ಕೆಮ್ಮನ್ನೆಲ್ಲ ಗುಡ್ಡೆ ಹಾಕಿದ್ರೆ ಮೂರು ಮಹಡಿ ಮನೆ ಎತ್ತರ ಆಗ್ತಿತ್ತು. ಆದ್ರೂ ಪುಸ್ತಕದ ಕೊನೇಲಿ ಬರೋದು ಒಂದೇ ಹೆಸರು, ಭಾವಂದು. ಕತ್ತರಿಗೆ ಬೇಕಾಗಿದ್ದಿದ್ದು ಆ ಮೈಕಿನ ಮುಂದಿನ ಕುರ್ಚಿ. ಭಾವ ಇರೋವರೆಗೂ ಅದು ಸಿಗಲ್ಲ ಅನ್ನೋದು ಆ ಊಟದ ಹೊತ್ತಿಗೆ ಅವನಿಗೆ ಖಾತ್ರಿ ಆಗಿಹೋಯ್ತು.

ದಾರಿ ತೋರಿಸಿದ್ದೂ ಪಾಪ ಭಾವನೇ. ಒಂದಿನ ಒದ್ದೆ ಪ್ಯಾಂಟು ಹಿಡ್ಕೊಂಡು, ಕತ್ತರಿ ಕೂತು ಕೆಲಸ ಮಾಡೋ ಮಹಡಿಗೆ ಹತ್ತಿ ಬಂದ.

"ನೋಡೋ, ನಿಮ್ಮಕ್ಕ ಮೂರನೇ ಅಧ್ಯಾಯಾನ ಒಗೆದು ಹಿಂಡಿ ಇಟ್ಟಿದ್ದಾಳೆ. ಜೇಬಲ್ಲಿ ಪೆನ್ ಡ್ರೈವ್ ಇತ್ತು."

"ಇಸ್ತ್ರಿನೂ ಮಾಡಿಬಿಡ್ಲಿ ಭಾವ, ಸುಕ್ಕಿಲ್ಲದ ಹಾಗೆ ಕೇಳುತ್ತೆ."

"ತಮಾಷೆ ಸಾಕು ಕಣಪ್ಪ. ನಾನು ಕೆಳಗೆ ಓದಿದ್ದು ತಾನಾಗೇ ನಿನ್ನ ಕಂಪ್ಯೂಟರಿಗೆ ಬಂದು ಬೀಳೋ ವ್ಯವಸ್ಥೆ ಇದೆಯಂತಲ್ಲ, ಅದನ್ನ ಮಾಡು. ಯಾವುದು ಒಳ್ಳೇದು ಅಂತ ನೀನೇ ನೋಡಿ ಆರಿಸು. ನನಗೆ ಇದೆಲ್ಲ ತಿಳಿಯಲ್ಲ."

ಭಾವ ಇಳಿದುಹೋದ ಮೇಲೆ ಕತ್ತರಿ ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತುಬಿಟ್ಟ. ಅವನ ತಲೇಲಿ ಅಷ್ಟು ದಿನದಿಂದ ಅರ್ಧಕ್ಕೇ ನಿಂತಿದ್ದ ಲೆಕ್ಕ ಆಗ ಪೂರ್ತಿ ಆಯ್ತು.

ಭಾವ ಓದೋ ಕೋಣೆ ಮನೆ ಹಿಂದುಗಡೆ ಇತ್ತು, ಹಳೇ ಉಗ್ರಾಣ. ಗೋಡೆ ತುಂಬ ಹಾಸಿಗೆ, ಬಾಗಿಲಿಗೆ ಎರಡು ಪದರ ರಗ್ಗು. ಒಳಗೆ ಆನೆ ಘೀಳಿಟ್ರೂ ಹೊರಗೆ ಸೊಳ್ಳೆಗೂ ಕೇಳ್ತಿರಲಿಲ್ಲ. ಚಳಿಗಾಲದಲ್ಲಿ ಕಾಲ ಹತ್ರ ಒಂದು ಗ್ಯಾಸ್ ಹೀಟರ್ ಉರೀತಿತ್ತು, ಅದಕ್ಕೆ ಸದ್ದಿಲ್ಲ ಅಂತ. ಉಸಿರಾಡೋಕೆ ಇದ್ದಿದ್ದು ಮೇಲೊಂದು ಕಿಂಡಿ ಅಷ್ಟೇ. ಆ ಕಿಂಡಿ ಮುಚ್ಚಿಹೋದ್ರೆ ಹೀಟರಿನ ವಿಷಗಾಳಿಗೆ ಒಳಗಿದ್ದೋರಿಗೆ ಮೊದಲು ಆಕಳಿಕೆ, ಆಮೇಲೆ ಏಳದ ನಿದ್ದೆ. ಜನ ಏನಂತಾರೆ? ಪಕ್ಕದ ಮನೇಲಿ ಯಾರಾದ್ರೂ ಸೀನಿದ್ರೂ ಎದ್ದುಹೋಗಿ ಜಗಳ ಆಡೋ ಆಸಾಮಿ, ಬೀದಿ ಸದ್ದು ಬರುತ್ತೆ ಅಂತ ತಾನೇ ಕಿಂಡಿಗೆ ಬಟ್ಟೆ ತುರುಕಿಕೊಂಡು ಸತ್ತ ಅಂತಾರೆ. ಅಕ್ಕನೇ ಮೊದಲು ಅಂತಾಳೆ.

ಒಂದೇ ತೊಡಕು. ಕಿಂಡಿ ಮುಚ್ಚೋವಾಗ ಬಟ್ಟೆ ಸರಿದ ಸದ್ದು ಆಗೇ ಆಗುತ್ತೆ, ಮೈಕು ಅದನ್ನ ಕೇಳಿಸಿಕೊಂಡೇ ಕೊಳ್ಳುತ್ತೆ. ಹೆಣ ನೋಡಿದವರು ಎದುರಿಗೇ ಉರೀತಿರೋ ಕಂಪ್ಯೂಟರನ್ನ ನೋಡದೇ ಬಿಡ್ತಾರಾ? ಅದಕ್ಕೇ, ಅವರು ಬಾಗಿಲು ತೆಗೆಯೋದ್ರೊಳಗೆ ಆ ಫೈಲು ಆ ಕಂಪ್ಯೂಟರಿಂದ ಹೋಗಿರಬೇಕು. ಕತ್ತರಿ ಮಾತ್ರ ಆ ಹೊತ್ತಿಗೆ ಬೇರೆ ಊರಲ್ಲಿ, ನಾಲ್ಕು ಜನರ ಕಣ್ಮುಂದೆ ಕೂತಿರಬೇಕು.

ಹೆಣ್ಣು ನೋಡೋಕೆ ಹೋದವರೂ ಅಷ್ಟು ಪರೀಕ್ಷೆ ಮಾಡಲ್ಲ, ಹಾಗೆ ಫೈಲು ದಾಟಿಸೋ ಒಂದೊಂದೇ ಸರ್ವಿಸ್ ಹಾಕಿ ನೋಡಿದ. ಮೊದಲನೇದು ಜಿಪುಣಿ. ಇಲ್ಲಿ ಅಳಿಸಿದ್ರೆ ಅಲ್ಲಿ ಹಾಗೇ ಉಳಿಸಿಕೊಂಡು ಕೂತಿರ್ತಿತ್ತು. ಎರಡನೇದು ಪುಕ್ಕಲಿ. ಅಳಿಸಿದ್ರೆ ಸಾಕು, ಇನ್ನೊಂದು ಕಂಪ್ಯೂಟರಲ್ಲಿ ಕೂತೋರನ್ನ "ಆಗಬಹುದಾ, ಆಗಬಹುದಾ" ಅಂತ ಕೇಳ್ತಿತ್ತು. ಮತ್ತೊಂದು ಆಮೆಗೂ ಅಕ್ಕ, ಒಂದು ಹಾಳೆ ದಾಟಿಸೋಕೆ ಮೀಸೆ ಬೆಳೆಯಬೇಕು. ಕೊನೆಗೆ ಸಿಕ್ಕಿತು ನೋಡಿ ಗುಣವಂತ ಸೊಸೆ ಥರದ್ದು. ಮಹಡಿ ಮೇಲೆ ಒಂದು ಫೈಲು ಅಳಿಸಿದ. "ಎಲ್ಲಾ ಕಡೆಯಿಂದಲೂ ಅಳಿಸಲೇ?" ಅಂತ ಅವನೊಬ್ಬನನ್ನೇ ಕೇಳಿತು. ಹೂಂ ಅಂದ. ಮೆಟ್ಟಿಲು ಹಾರಿ ಹಾರಿ ಕೆಳಗೆ ಬಂದು ನೋಡಿದ್ರೆ ಭಾವನ ಕಂಪ್ಯೂಟರಲ್ಲೂ ಇಲ್ಲ. ಹುಟ್ಟೇ ಇರಲಿಲ್ಲವೇನೋ ಅನ್ನೋ ಹಾಗೆ ಹೋಗಿತ್ತು.

"ಏನೋ, ಏದುಸಿರು ಬಿಡ್ತಿದ್ದೀಯ?" ಅಂದ ಭಾವ.

"ಒಳ್ಳೇದು ಸಿಕ್ಕಿತು ಭಾವ."

"ನೀನು ಆರಿಸಿದ್ದು ಅಂದ್ಮೇಲೆ ಒಳ್ಳೇದೇ ಇರುತ್ತೆ ಬಿಡು."

ಎರಡು ಕಂಪ್ಯೂಟರಿಗೂ ಕತ್ತರಿಯೇ ಹೆಸರಿಟ್ಟ. ಕೆಳಗಿನದಕ್ಕೆ 'ಭಾವ', ತನ್ನ ಲ್ಯಾಪ್‌ಟಾಪಿಗೆ 'ಕತ್ತರಿ'. ಭಾವ ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಆದ್ರೆ ಓದಿದ್ದು ತಾನೇ ಫೈಲಾಗಿ ಎರಡು ಕಡೆಗೂ ಬರೋ ಹಾಗೆ ಮಾಡಿಟ್ಟ.

ಮೈ ಕೊರೆಯೋ ಒಂದು ಬೆಳಗ್ಗೆ ಅಕ್ಕ ಕೆಲಸಕ್ಕೆ ಹೋದಳು. ಆಸ್ಪತ್ರೆಯ ಬಟ್ಟೆ ಒಗೆಸೋ ವಿಭಾಗಕ್ಕೆ ಅವಳೇ ಮೇಲ್ವಿಚಾರಕಿ, ಸಾಯಂಕಾಲದವರೆಗೆ ಬರಲ್ಲ. ಭಾವ ಕೋಣೆ ಸೇರಿ ಬಾಗಿಲು ಹಾಕ್ಕೊಂಡ. ಕತ್ತರಿ ಹಿಂದುಗಡೆ ಹೋಗಿ, ಭಾವನದೇ ಹಳೇ ಉಲ್ಲನ್ ಮಫ್ಲರನ್ನ, ಮಗೂಗೆ ಹೊದಿಸೋವಷ್ಟು ಮೆತ್ತಗೆ, ಕಿಂಡಿಗೆ ತುರುಕಿದ. ಚೀಲ ಹೆಗಲಿಗೆ ಹಾಕ್ಕೊಂಡು ಬಸ್ಸು ಹತ್ತಿದ. ಕಂಪನಿ ಆಫೀಸಿನ ಬೆಂಚಲ್ಲಿ ಕೂತು ಹೋಗೋರಿಗೆ ಬರೋರಿಗೆಲ್ಲ ನಮಸ್ಕಾರ ಹೊಡೆದ, ನಾಳೆ ಎಲ್ಲರೂ ಸಾಕ್ಷಿ ಹೇಳಬೇಕಲ್ಲ. ಆಮೇಲೆ ಲ್ಯಾಪ್‌ಟಾಪ್ ತೆಗೆದ. ಫೈಲು ಬಂದಿತ್ತು.

ಕೇಳದೇ ಅಳಿಸಿಬಿಡಬಹುದಿತ್ತು. ಆದರೆ ಅಷ್ಟು ವರ್ಷದ ಅಭ್ಯಾಸ ನೋಡಿ, ಕಿವಿ ತಡೀಲಿಲ್ಲ. ಹೆಡ್‌ಫೋನ್ ಹಾಕ್ಕೊಂಡ. ಬಟ್ಟೆ ಸರಿದ ಸದ್ದಿತ್ತು. ಆಮೇಲೆ ಭಾವ ಓದೋದು ನಿಲ್ಲಿಸಿ ಒಂದು ಮಾತು ಆಡಿದ್ದ. ಅದರಲ್ಲಿ ಕತ್ತರಿಯ ಹೆಸರಿತ್ತು. ಕತ್ತರಿ ಹೆಡ್‌ಫೋನ್ ಕಿತ್ತು ಇಟ್ಟ. ಆ ಮಾತನ್ನ ಮನಸ್ಸಲ್ಲಿ ಇನ್ನೊಂದು ಸಲ ಅಂದುಕೊಳ್ಳೋಕೂ ಧೈರ್ಯ ಆಗಲಿಲ್ಲ. ಎಲ್ಲಾ ಕಡೆಯಿಂದಲೂ ಅಳಿಸಲೇ? ಹೂಂ. ಲ್ಯಾಪ್‌ಟಾಪಿನ ಕಸದ ಬುಟ್ಟೀನೂ ಖಾಲಿ ಮಾಡಿದ. ಎದ್ದುಹೋಗಿ ಒಂದು ಲೋಟ ನೀರು ಕುಡಿದ.

ಎಲ್ಲಾ ಅವನು ಅಂದುಕೊಂಡ ಹಾಗೇ ನಡೀತು. "ಸದ್ದು ಸದ್ದು ಅಂತಲೇ ಸತ್ತರಲ್ಲೋ" ಅಂತ ಅಕ್ಕ ಎದೆ ಬಡಕೊಂಡಳು. ಪೊಲೀಸರು ಮಫ್ಲರ್ ಯಾರದು ಅಂತ ಕೇಳಿದರು, ಭಾವಂದೇ ಅಂದರು, ಬರಕೊಂಡರು, ಹೋದರು. ಕಂಪನಿ ಮೇಡಂ ಫೋನ್ ಮಾಡಿ, ನಿಂತುಹೋದ ಪುಸ್ತಕಾನ ನೀವೇ ಓದಿ ನೋಡಿ ಅಂದರು. ಕುರ್ಚಿ ಸಿಕ್ಕಿತು.

ಆದರೆ ಆ ಕುರ್ಚೀಲಿ ಕೂತ್ರೆ ಕಾಲು ಮಂಜುಗಡ್ಡೆ ಆಗ್ತಿತ್ತು. ಕೋಣೇಲಿ ಬೇಡ ಅಂತ ಮೈಕು ಮಹಡಿಗೆ ಎತ್ಕೊಂಡು ಬಂದ. ಅಲ್ಲೂ ತಾನು ಓದಿದ್ದನ್ನ ತಿರುಗಿಸಿ ಕೇಳಿದ್ರೆ ಸಾಲು ಸಾಲಿನ ಮಧ್ಯ ಯಾರೋ ಉಸಿರು ಎಳೆದ ಹಾಗೆ. ಕತ್ತರಿಸಿದ. ಮತ್ತೆ ಕೇಳಿದ. ಮತ್ತೆ ಇತ್ತು.

ಆಮೇಲೊಂದಿನ ಮಟಮಟ ಮಧ್ಯಾಹ್ನ, ಲ್ಯಾಪ್‌ಟಾಪಿನ ಮೂಲೇಲಿ ಒಂದು ಸಾಲು ಎದ್ದುಬಂತು: 'ಭಾವ ಈಗ ಈ ಫೈಲನ್ನು ತೆರೆದಿದ್ದಾರೆ.'

ಕತ್ತರಿಯ ಕೈಲಿದ್ದ ಪುಸ್ತಕ ಕೆಳಗೆ ಬಿತ್ತು. ಮೆಟ್ಟಿಲು ಇಳಿದನೋ ಉರುಳಿದನೋ ಅವನಿಗೇ ಗೊತ್ತಿಲ್ಲ. ಕೋಣೆ ಬಾಗಿಲು ತಳ್ಳಿದ್ರೆ ಒಳಗೆ ಅಕ್ಕ ಕೂತಿದ್ದಳು, ಮಡಿಲಲ್ಲಿ ಭಾವನ ಕನ್ನಡಕ. ಕಂಪ್ಯೂಟರಿಂದ ಭಾವ ಯಾವುದೋ ಕತೆ ಓದ್ತಿದ್ದ.

"ಅಕ್ಕಾ, ಏನೇ ಇದು! ಜೀವ ಬಾಯಿಗೆ ಬಂತಲ್ಲೇ!"

"ಯಾಕೋ ಹೆದರ್ತೀಯ? ನಿಮ್ಮ ಭಾವ ತಾನೇ."

"ಇದನ್ನೆಲ್ಲ ಕೇಳ್ತಾ ಕೂತ್ರೆ ನೀನು ಹುಚ್ಚಿ ಆಗ್ತೀಯ ಅಷ್ಟೇ."

"ಆದ್ರೆ ಆಗ್ತೀನಿ. ಬದುಕಿದ್ದಾಗ ಊರಿಗೆಲ್ಲ ಓದಿದರು, ನಾನು ಬಟ್ಟೆ ಲೆಕ್ಕ ಹಾಕ್ತಾ ಒಂದಿನ ಕೂತು ಕೇಳಲಿಲ್ಲ. ಈಗ ಕೇಳ್ತೀನಿ. ನಿನಗೆ ಕಷ್ಟ ಆದ್ರೆ ಕಿವೀಲಿ ಹತ್ತಿ ಇಟ್ಕೋ, ಹೋಗು."

ರಜಾ ಹಾಕಿ ದಿನಾ ಕೂತುಬಿಟ್ಟಳು. ದಿನಾ ಮೂಲೇಲಿ ಅದೇ ಸಾಲು. ಭಾವ ತೆರೆದಿದ್ದಾರೆ. ಭಾವ ತೆರೆದಿದ್ದಾರೆ. ತೆರೆದಿದ್ದು ಅಕ್ಕ ಅಂತ ಗೊತ್ತಿದ್ದೂ ಕತ್ತರಿ ಲ್ಯಾಪ್‌ಟಾಪ್ ಮುಚ್ಚಿಬಿಡ್ತಿದ್ದ. ಹತ್ತಿ ಇಟ್ಕೊಂಡು ನೋಡಿದ, ಆಗ ಭಾವ ಹತ್ತಿಯ ಒಳಗಿಂದ ಮಾತಾಡ್ತಿದ್ದ. ಒಂದು ಸಾಲು ಓದೋಕೆ ಬಾಯಿ ತೆಗೆದ್ರೆ ಅಳಿಸಿಹಾಕಿದ ಆ ಮಾತೇ ನಾಲಿಗೆ ತುದಿಗೆ ಬಂದು ನಿಲ್ಲೋದು. ಹೀಗೇ ಆದ್ರೆ ಒಂದಿನ ಮೈಕಿನ ಮುಂದೆ ತಾನೇ ಎಲ್ಲಾ ಒದರಿಬಿಡ್ತೀನಿ ಅನ್ನಿಸಿತು. ಅಕ್ಕ ಸ್ನಾನಕ್ಕೆ ಹೋದ ಹೊತ್ತು ನೋಡಿ, ಭಾವ ಜನ್ಮದಲ್ಲಿ ಓದಿದ್ದಿಷ್ಟೂ ಇದ್ದ ಇಡೀ ಫೋಲ್ಡರನ್ನ ಹಿಡಿದ. ಎಲ್ಲಾ ಕಡೆಯಿಂದಲೂ ಅಳಿಸಲೇ? ಹೂಂ, ಹೂಂ, ಹೂಂ.

ಅಕ್ಕ ಅತ್ತಿದ್ದು ನೋಡಿದ್ರೆ ಗೋಡೆಯ ಹಾಸಿಗೆ ಎಲ್ಲಾ ನೆನೆದುಹೋಗಿರಬೇಕು. "ಕಂಪ್ಯೂಟರು ಅಕ್ಕ, ಕೆಟ್ಟುಹೋಗುತ್ತೆ ಒಂದೊಂದ್ಸಲ" ಅಂತ ತಲೆ ಸವರಿದ. "ಹೋದವರು ಹೋದರು. ಬಿಟ್ಟುಬಿಡು." ಅವತ್ತು ಅವನು ಓದಿದ್ದರಲ್ಲಿ ಉಸಿರು ಕೇಳಿಸಲಿಲ್ಲ. ಕಾಲು ಬೆಚ್ಚಗಿತ್ತು. ಅದನ್ನೇ ತಗೊಂಡು ಕಂಪನಿಗೆ ಹೋದ. ಮೇಡಂ ಕಣ್ಣುಮುಚ್ಚಿ ಕೇಳಿ, ಪರವಾಗಿಲ್ಲವೇ, ಇನ್ನು ಮೇಲೆ ಪುಸ್ತಕದ ಕೊನೇಲಿ ನಿಮ್ಮದೇ ಹೆಸರು ಅಂದರು. ಬಸ್ಸಲ್ಲಿ ಕಿಟಕಿ ಪಕ್ಕ ಕೂತು, ಮೊದಲನೇ ಸಲ ಭಾವನ ನಗು ನೆನಪಾಗದೇ ಮನೆ ಸೇರಿದ.

ಮನೆಗೆ ಕಾಲಿಡೋವಾಗಲೇ ಹಿಂದುಗಡೆಯಿಂದ ಭಾವನ ದನಿ ಬರ್ತಿತ್ತು. ಕೋಣೆ ಬಾಗಿಲು ಹಾರುಹೊಡೆದಿತ್ತು, ಅಕ್ಕ ಕಂಪ್ಯೂಟರ್ ಮುಂದೆ ಕೂತಿದ್ದಳು. "ಬಾರೋ, ನಿಮ್ಮ ಭಾವ ವಾಪಸ್ ಬಂದರು" ಅಂದಳು, ಕಣ್ಣು ತುಂಬ ನಗು. "ಆ ಸರ್ವಿಸಿನವರಿಗೆ ಫೋನ್ ಹಚ್ಚಿ ಅತ್ತುಬಿಟ್ಟೆ ಕಣೋ. ಪಾಪ, ಬಂಗಾರದಂಥ ಹುಡುಗಿ. ಅಳಬೇಡಿಮ್ಮ, ನಿಮ್ಮ ಮಷೀನಲ್ಲಿ ಅಳಿಸಿದ್ರೂ ನಮ್ಮ ಹತ್ರ ಬೇರೆ ಒಂದು ಬುಟ್ಟಿ ಇರುತ್ತೆ, ಅಳಿಸಿದ್ದೆಲ್ಲ ಅದರಲ್ಲಿ ಕೆಲವು ತಿಂಗಳು ಹಾಗೇ ಬಿದ್ದಿರುತ್ತೆ, ಯಾವ್ಯಾವುದು ಬೇಕು ಹೇಳಿ ಅಂದಳು. ನನಗೇನು ತಿಳಿಯುತ್ತೆ? ಬುಟ್ಟೀಲಿ ಇರೋದು ಅಷ್ಟೂ ಕೊಟ್ಟುಬಿಡು ತಾಯಿ ಅಂದೆ. ನೋಡು, ಇದೊಂದು ನಾನು ಯಾವತ್ತೂ ಕೇಳೇ ಇಲ್ಲ. ಅವರು ಹೋದ ದಿನದ್ದು." ಕತ್ತರಿ "ಅಕ್ಕಾ, ಬೇಡ" ಅಂತ ಮುಂದಕ್ಕೆ ಹಾರಿದ, ಅಷ್ಟರಲ್ಲಿ ಅಕ್ಕನ ಬೆರಳು ಒತ್ತಿಬಿಟ್ಟಿತ್ತು. ಸರ ಸರ ಅಂತ ಬಟ್ಟೆ ಸರಿದ ಸದ್ದು. ಓದ್ತಿದ್ದ ಭಾವ ನಿಲ್ಲಿಸಿ, ಅದೇ ಜೇನಿನಂಥ ದನೀಲಿ ಅಂದ: "ಯಾರೋ ಅದು, ಕತ್ತರಿನಾ? ಕಿಂಡಿ ಮುಚ್ತಿದ್ದೀಯಾ? ಮುಚ್ಚು ಮುಚ್ಚು, ಬೀದಿ ಸದ್ದು ಬರ್ತಿತ್ತು. ನಾನು ಬಾಯಿ ಬಿಟ್ಟು ಕೇಳೋ ಮೊದಲೇ ಮಾಡ್ತೀಯಲ್ಲೋ. ನೀನೊಬ್ಬ ಇದ್ದೀಯ ನೋಡು ನನಗೆ."